ಕಾಜಾಳ ಎಂಜಲು

ಅವನು ಲೋಟಕ್ಕೆ ಕೈ ಚಾಚಿದ್ದೇ ತಡ, ಅವಳು ಅದನ್ನು ಎದೆಗೆ ಒತ್ತಿಕೊಂಡು ಹಿಂದಕ್ಕೆ ಸರಿದಳು. ತುಳುಕಿದ ಚಹಾ ಹೊಲಿಯಲು ಕತ್ತರಿಸಿಟ್ಟಿದ್ದ ಅಂಗಿತೋಳಿನ ಬಟ್ಟೆಯ ಮೇಲೆ ಚೆಲ್ಲಿತು.

"ಬೇಡ. ನನ್ನ ಎಂಜಲು."

ಪ್ರಾಣಿಗಳ ಆಸ್ಪತ್ರೆಯ ಕಾಂಪೌಂಡರ್ ಚಾಚಿದ ಕೈಯನ್ನು ಎಲ್ಲಿಡಬೇಕೆಂದು ತೋಚದೆ ಜೇಬಿಗೆ ತುರುಕಿಕೊಂಡ. ಎರಡು ತಿಂಗಳಿಂದ ಅವನು ಗುಂಡಿ ಕಿತ್ತುಹೋದ ಅಂಗಿ ಹಿಡಿದು ಈ ಹೊಲಿಗೆ ಅಂಗಡಿಗೆ ಬರುತ್ತಿದ್ದ. ಅಷ್ಟೊಂದು ಗುಂಡಿಗಳು ತಾವಾಗಿ ಕಿತ್ತುಬರುವುದಿಲ್ಲವೆಂದು ಅಂಗಡಿ ನಡೆಸುವ ಅವಳ ಚಿಕ್ಕಮ್ಮನಿಗೂ ಗೊತ್ತಿತ್ತು. ಹೋದ ವಾರ ಇದೇ ಲೋಟದ ಚಹಾವನ್ನು ಇಬ್ಬರೂ ಹಂಚಿಕೊಂಡು ಕುಡಿದಿದ್ದರು. ಅದನ್ನು ನೆನೆದೇ ಈಗ ಅವಳು ಲೋಟವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ನಿನ್ನೆ ಅವನಿಗೆ ರಜೆ. ಅವಳು ತನ್ನ ಬೆಕ್ಕು ಕಾಜಾಳನ್ನು ಒಬ್ಬಳೇ ಆಸ್ಪತ್ರೆಗೆ ಒಯ್ದಿದ್ದಳು. ಒಸಡು ಸುಣ್ಣದಂತೆ ಬಿಳಿಚಿತ್ತು, ಮೈ ಬಿಸಿಯಿತ್ತು. ರಕ್ತದಲ್ಲಿ ಲ್ಯುಕೀಮಿಯಾ ವೈರಸ್ ಇದೆ, ಅದು ಎಂಜಲಿನಿಂದ ಹರಡುತ್ತದೆ, ಒಂದೇ ತಟ್ಟೆಯಲ್ಲಿ ತಿಂದರೂ ಅಂಟುತ್ತದೆ ಎಂದರು ಡಾಕ್ಟರ್. ಯಾರಿಗೆ ಎಂದು ಕೇಳಲು ಅವಳಿಗೆ ನಾಲಿಗೆ ಏಳಲಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಓದಿದವರ ಮುಂದೆ ಪ್ರಶ್ನೆ ಕೇಳುವ ಅಭ್ಯಾಸವಿರಲಿಲ್ಲ. ಕಾಜಾ ಕುಡಿದು ಬಿಟ್ಟ ಹಾಲನ್ನು ಎಷ್ಟೋ ಸಲ ಅವಳೇ ಮುಗಿಸಿದ್ದಳು. ನಿನ್ನೆಯಿಂದ ತನ್ನ ತಟ್ಟೆಯನ್ನು ಬೇರೆ ಇಟ್ಟುಕೊಂಡಿದ್ದಳು.

"ನನ್ ಮೇಲೆ ಸಿಟ್ಟಾ?" ಎಂದ ಅವನು.

ಅವಳ ಕಣ್ಣು ಅವನ ತುಟಿಯ ಮೇಲೇ ಇತ್ತು. ಅವನು ಅದನ್ನು ಬೇರೆಯೇ ತಿಳಿದು ಕೆಂಪಾದ.

"ಸ್ವಲ್ಪ ಬಾಯಿ ತೆಗೀರಿ."

"ಏನು?"

"ಒಸಡು ನೋಡ್ಬೇಕು."

ಅವನು ಪೆಚ್ಚಾಗಿ ಬಾಯಿ ತೆರೆದ. ಒಸಡು ಕೆಂಪಗೇ ಇತ್ತು. ಅವಳು ಅತ್ತುಬಿಟ್ಟಳು. ಅಳುತ್ತಲೇ ಹಾಲಿನ ಕಥೆ, ಲೋಟದ ಕಥೆ ಎಲ್ಲವನ್ನೂ ಹೇಳಿದಳು. ಅವನು ನಗಲಿಲ್ಲ.

"ಅದು ಬೆಕ್ಕಿಂದ ಬೆಕ್ಕಿಗಷ್ಟೇ ರೀ. ಮನುಷ್ಯರಿಗೆ ಬರಲ್ಲ."

ಮೆಲ್ಲಗೆ ಅವಳ ಬೆರಳು ಬಿಡಿಸಿ ಲೋಟ ತೆಗೆದುಕೊಂಡು, ಅವಳು ನೋಡುತ್ತಿರುವಂತೆಯೇ ಆರಿದ ಚಹಾವನ್ನು ಕೊನೆಯ ಗುಟುಕಿನವರೆಗೂ ಕುಡಿದ.

ಅವಳ ಒಂದು ಭಯ ಹೋಗಿ ಇನ್ನೊಂದು ಉಳಿಯಿತು. ಬಟ್ಟೆ ಚೂರುಗಳ ಬುಟ್ಟಿಯಲ್ಲಿ ಕಾಜಾ ಕಣ್ಣು ಅರೆಮುಚ್ಚಿ ಮಲಗಿದ್ದಳು.

"ಇವಳು ಸಾಯಲ್ಲ ಅಂತ ಹೇಳಿ."

ಅವನು ಸುಳ್ಳಾಡಲಿಲ್ಲ. ಈ ವೈರಸ್ಸನ್ನು ಓಡಿಸುವ ಔಷಧಿಯಿಲ್ಲ. ಆದರೆ ಒಂದೇ ಪರೀಕ್ಷೆಯನ್ನು ನಂಬಿ ಕೂರಬಾರದು. ಕೆಲವು ಬೆಕ್ಕುಗಳ ಮೈ ತಾನೇ ಅದನ್ನು ಅದುಮಿಡುತ್ತದೆ. ಕೆಲವು ವಾರ ಬಿಟ್ಟು ಮತ್ತೆ ರಕ್ತ ನೋಡಬೇಕು. ಅಲ್ಲಿಯವರೆಗೆ ಹೊರಗೆ ಬಿಡಬಾರದು, ಬೇರೆ ಬೆಕ್ಕು ಹತ್ತಿರ ಬರಬಾರದು. ವೈರಸ್ ಇದ್ದೇ ಇದೆ ಎಂದಾದರೂ ಜೋಪಾನ ಮಾಡಿದರೆ ಕೆಲವು ವರ್ಷ ಬಾಳಬಹುದು. ಎಷ್ಟು ಎಂದು ಅವನೂ ಹೇಳಲಾರ.

ಆಮೇಲೆ ನೆಲ ನೋಡುತ್ತಾ ತಡವರಿಸಿದ. "ನಮ್ಮನೇಲೂ ಒಂದು ಬೆಕ್ಕಿದೆ. ಲಸಿಕೆ ಹಾಕ್ಸಿದೀನಿ. ಆದ್ರೂ ಎರಡನ್ನೂ ಒಟ್ಟಿಗೆ ಬಿಡೋ ಹಾಗಿಲ್ಲ. ನನ್ನದು ಒಂದೇ ಕೋಣೆ ಮನೆ."

"ನಿಮ್ ಬೆಕ್ಕು, ನಮ್ ಬೆಕ್ಕು ಒಂದೇ ಮನೇಲಿ ಯಾಕಿರ್ತವೆ?" ಎಂದು ಕೇಳಿದ ಮೇಲೆ ಅವಳಿಗೆ ಅರ್ಥವಾಯಿತು. ಒಳಗೆ ಚಿಕ್ಕಮ್ಮನ ಮೆಷಿನ್ ಸದ್ದು ತಟ್ಟನೆ ನಿಂತಿತು.

ಅವಳು ಬಗ್ಗಿ ಕಾಜಾಳ ಬಿಸಿ ಕಿವಿಯನ್ನು ಮುಟ್ಟಿದಳು. ಭಯ ಹಾಗೇ ಇತ್ತು. ಆದರೂ ತಲೆ ಎತ್ತದೆಯೇ ಹೇಳಿದಳು:

"ಎರಡು ಕೋಣೇದು ನೋಡಿ. ನಡುವಿನ ಬಾಗಿಲು ಸರಿಯಾಗಿ ಮುಚ್ಬೇಕು."