ಚಾಕು ಬಿದ್ದ ಬಲೆ

ಒಂದು ಬಲೆ ಹೆಣೆಯಲು ದಿಲ್ಷಾದಳಿಗೆ ಹನ್ನೊಂದು ದಿನ, ಮೂರು ಉಂಡೆ ನೈಲಾನ್ ದಾರ, ಜೊತೆಗೆ ಕಿರುಬೆರಳಿನ ಚರ್ಮ ಬೇಕಾಗುತ್ತಿತ್ತು. ತೂತು ಮುಚ್ಚಲು ಅರ್ಧ ಗಂಟೆ ಸಾಕು. ತೊಂಬತ್ತೈದರ ಆ ಚಳಿಗಾಲ ಚಲುವರಾಜು ತಂದ ತೂತುಗಳಲ್ಲಿ ಇದು ನಾಲ್ಕನೆಯದು.

ಕಿರಂಗೂರಿನ ಒಕ್ಕಲು ಮನೆಯ ಹುಡುಗ. ಕನ್ನಂಬಾಡಿ ಹಿನ್ನೀರಿನಲ್ಲಿ ಹಕ್ಕಿ ಎಣಿಸುವ ಮೇಷ್ಟ್ರೊಬ್ಬರಿಗೆ ಸಹಾಯಕ. ಚಳಿಗಾಲಕ್ಕೆ ವಲಸೆ ಬರುವ ಕಡಲಹಕ್ಕಿ ಮೀನಿನ ಬಲೆಗೆ ಸಿಕ್ಕಿಕೊಂಡರೆ ಬಲೆ ಕುಯ್ದು ಬಿಡಿಸುವುದು, ಆ ಬಲೆಯನ್ನು ಶ್ರೀರಂಗಪಟ್ಟಣದ ಅಬ್ದುಲ್ ವಾಹಿದರ ಅಂಗಡಿಯಲ್ಲಿ ಸರಿಮಾಡಿಸಿ ಮೀನುಗಾರರಿಗೆ ಮುಟ್ಟಿಸುವುದು ಅವನ ಕೆಲಸ. ಸರಿಮಾಡುವವಳು ವಾಹಿದರ ಮಗಳು ದಿಲ್ಷಾದ್.

"ಏನ್ರೀ, ಹಿನ್ನೀರಿನ ಹಕ್ಕಿಗಳೆಲ್ಲ ನಿಮ್ಮನ್ನೇ ಹುಡುಕ್ಕೊಂಡು ಬಂದು ಬೀಳ್ತವಾ?"

"ನಾನೇನ್ ಕರೀತೀನಾ? ಅವೇ ಬೀಳ್ತವೆ."

ಅವಳು ಬಲೆಯನ್ನು ಬೆಳಕಿಗೆ ಹಿಡಿದಳು. ಹಕ್ಕಿ ಒದ್ದಾಡಿದ್ದರೆ ಗಂಟುಗಳು ಜಗ್ಗಿ ಬಿಗಿದಿರುತ್ತವೆ. ಇಲ್ಲಿ ಎಲ್ಲ ಗಂಟೂ ನೆಟ್ಟಗಿದ್ದವು. ಮೇಲಿನಿಂದ ಕೆಳಗೆ ಚಾಕುವಿನ ಒಂದೇ ಗೀರು.

ಬಲೆಯ ಹಿಂದಿನಿಂದ ಅವನನ್ನೇ ನೋಡಿದಳು. "ಈ ಸಲ ಪುಕ್ಕ ಸಿಗಿಸೋದೂ ಮರೆತ್ರಾ?"

ಅವನು ರಸ್ತೆಯ ಕಡೆ ತಿರುಗಿದ. ಕಿವಿ ಕೆಂಪಾಯಿತು. "ಮೊದಲ್ನೇದು ಹಕ್ಕೀನೇ ಕಣ್ರೀ, ದೇವ್ರಾಣೆ."

"ಅಬ್ಬಾ ನಮಾಜ್‌ಗೆ ಹೋಗವ್ರೆ. ಬಂದು ನೋಡಿದ್ರೆ ಗೊತ್ತಾಗ್ಬುಡುತ್ತೆ." ಸೂಜಿ ಎತ್ತಿಕೊಂಡಳು. "ಆ ಮೊದಲ್ನೇ ಹಕ್ಕಿ ಏನಾಯ್ತು?"

"ಅದರ ರೆಕ್ಕೆ ಕಂದುತಲೆ ಕಡಲಹಕ್ಕೀದೂ ಅಲ್ಲ, ಕರಿತಲೆ ಕಡಲಹಕ್ಕೀದೂ ಅಲ್ಲ. ಎರಡೂ ಜಾತಿ ಕೂಡಿ ಉಟ್ಟಿರ್ಬೇಕು ಅಂದ್ರು ಮೇಷ್ಟ್ರು. ಎಣಿಕೆ ಪುಸ್ತಕದಲ್ಲಿ ಇರೋದು ಎರಡೇ ಕಾಲಂ. ಎಲ್ಲಿ ಬರೀಲಿ ಅಂತ ಬುಟ್ಬುಟ್ರು."

"ಬೇರೆ ಹಕ್ಕಿಗಳು ಓಡಿಸಿದ್ವಾ?"

"ಇಲ್ಲ, ಜೊತೇಲೇ ಕೂತಿತ್ತು. ಕಾಲಂ ಬೇಕಾಗಿದ್ದು ನಮಗೇ." ಅವನ ದನಿ ತಗ್ಗಿತು. "ದಿಲ್ಷಾದ್, ನೀನು ಊಂ ಅನ್ನು. ನಿಮ್ಮಪ್ಪನ್ನ ನಾ ಕೇಳ್ತೀನಿ."

ಅವನು 'ನೀನು' ಅಂದದ್ದು ಅದೇ ಮೊದಲು. ಸೂಜಿ ನಿಂತಿತು. ನಾಗಮಂಗಲದ ಹಸೀಬನ ಜೊತೆ ಅವಳ ನಿಕಾಹ್ ನಿಶ್ಚಯವಾಗಿ ಎಂಟು ದಿನವಾಗಿತ್ತು.

"ಆ ಹಕ್ಕಿಗಳು ಮರಿ ಮಾಡೋದೆಲ್ಲಿ?"

"ಇಮಾಲಯದಾಚೆ. ಅಲ್ಲಿ ಯಾರವ್ರೆ ನೋಡಕ್ಕೆ?"

"ಅದಕ್ಕೇ ಅವಕ್ಕೆ ಆಯ್ತು. ಇಲ್ಲಿ ನಮ್ಮ ಬೀದಿ ತುಂಬ ಕಣ್ಣು, ನಿಮ್ಮೂರ ತುಂಬ ಕಣ್ಣು. ನಾ ಬಂದ್ಬುಟ್ರೆ ನನ್ನ ತಂಗಿ ಯಾಸ್ಮೀನ್‌ನ ಯಾರು ಮದುವೆ ಆಗ್ತಾರೆ, ಹೇಳು?"

ಚಲುವರಾಜು ಮತ್ತೆ ರಸ್ತೆಯ ಕಡೆ ನೋಡಿದ.

"ಇಷ್ಟ ಇಲ್ದೆ ಇದ್ದಿದ್ರೆ," ತಲೆ ತಗ್ಗಿಸಿಯೇ ಅವಳೆಂದಳು, "ಎರಡನೇ ಸಲಾನೇ ಅಬ್ಬಾಗೆ ತೋರಿಸ್ತಿದ್ದೆ."

ಕೊನೆಯ ಗಂಟು ಹಾಕಿ ಹಲ್ಲಿನಿಂದ ದಾರ ಕಡಿದಳು. ಬಲೆ ಮಡಚಿ ಅವನ ಕೈಗಿಟ್ಟಳು. ಬೆರಳು ತಾಗಿದವು, ಇಬ್ಬರೂ ಬೇಗ ತೆಗೆಯಲಿಲ್ಲ.

"ಇನ್ನು ಬಲೆ ಕುಯ್ಬೇಡ ರಾಜು."

ಅವನು ಕುಯ್ಯಲಿಲ್ಲ. ದಿಲ್ಷಾದ್ ಹಸೀಬನ ಮನೆ ಸೇರಿದಳು, ಯಾಸ್ಮೀನಳ ಮದುವೆಗೆ ಅಡ್ಡಿ ಬರಲಿಲ್ಲ. ದಿಲ್ಷಾದಳಿಗೆ ದಕ್ಕಿದ್ದು ನಾಲ್ಕು ತೂತು ಮುಚ್ಚಿದ ಎರಡು ಗಂಟೆ. ಕೈತಪ್ಪಿ ಹೋದದ್ದು ಚಲುವರಾಜು.