ಕದ್ದ ರಾಗದ ನಡುವಿನ ಬಿಡುವು

"ಪುಷ್ಪಕ್ಕ, ನಾಳೆ ಸುದರ್ಶನ ಸರ್ ಪೊಲೀಸ್ ಕಂಪ್ಲೇಂಟ್ ಕೊಡ್ತಾರಂತೆ. ದೇವರಾಣೆ ನಾನು ಕದ್ದಿಲ್ಲ," ಎಂದ ಹಿತೇಶ್.

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ವಸತಿ ಸೊಸೈಟಿಯಲ್ಲಿ ಏನು ಕಳವಾದರೂ ಜನ ಮೊದಲು ತಟ್ಟುವುದು ಪುಷ್ಪಾವತಿಯವರ ಬಾಗಿಲನ್ನೇ. ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ಪಿಟೀಲು ನುಡಿಸಿ ನಿವೃತ್ತರಾದವರು ಅವರು. ಪಕ್ಕದ ಮನೆಯವಳಾದ ನಾನು ಅವರ ಪತ್ತೇದಾರಿಕೆಗೆಲ್ಲ ಜೊತೆ.

ಹಿತೇಶ್ ವಾಶಿಯ ಸ್ಟುಡಿಯೋದಲ್ಲಿ ಸಂಗೀತ ನಿರ್ದೇಶಕ ಸುದರ್ಶನರ ಸಹಾಯಕ. ಅವರ ಹೊಸ ಸಿನಿಮಾದ ಮುಖ್ಯ ರಾಗ, ಅದು ಬಿಡುಗಡೆಯಾಗುವ ಮೊದಲೇ ಬೇರೊಬ್ಬರ ಸಿನಿಮಾದಲ್ಲಿ ಕೇಳಿಬಂದಿತ್ತು. ಆ ಇನ್ನೊಂದು ಸಿನಿಮಾದ ಟ್ರೇಲರ್ ಕೇಳಿದ್ದೇ ಸುದರ್ಶನರು ಹಿತೇಶನ ಮೇಲೆ ಬಿದ್ದಿದ್ದರು. ಸ್ವರಗಳೆಲ್ಲ ಇದ್ದ ಕಂಪ್ಯೂಟರಿನ ಪಾಸ್‌ವರ್ಡ್ ಗೊತ್ತಿದ್ದವನು ಅವನೊಬ್ಬನೇ.

ನಾವು ಮೂವರೂ ಅವತ್ತೇ ಕಲ್ಯಾಣ್‌ನ ಥಿಯೇಟರಿನಲ್ಲಿ ಆ ಸಿನಿಮಾ ನೋಡಿದೆವು. ಪುಷ್ಪಾವತಿಯವರು ಕಣ್ಣು ಮುಚ್ಚಿಯೇ ಕೂತಿದ್ದರು. ಪಿಟೀಲುಗಳು ಆ ರಾಗ ಎತ್ತಿದಾಗ ನನ್ನ ಕೈ ಅದುಮಿದರು. "ಸಾಲಿನ ಮಧ್ಯೆ ಒಮ್ಮೆ ರಾಗ ಕಡಿದು ನಿಂತಿತು, ಕೇಳಿತಾ?"

ಥಾಣೆಯಲ್ಲಿ ಲೋಕಲ್ ರೈಲು ಬದಲಿಸಿ ವಾಶಿಗೆ ಹೋದೆವು. ಸ್ಟುಡಿಯೋದಲ್ಲಿ ಸುದರ್ಶನರ ಜೊತೆ ಅವರ ಹಳೆಯ ಗೆಳೆಯ, ಕೊಳಲು ನುಡಿಸುವ ಕುಶಲಣ್ಣನೂ ಇದ್ದರು.

"ನಿಮ್ಮದನ್ನು ಒಮ್ಮೆ ಹಾಕಿ," ಎಂದರು ಪುಷ್ಪಾವತಿ.

ಅದೇ ರಾಗ. ಆದರೆ ಇಲ್ಲಿ ಪಿಟೀಲುಗಳು ಇಡೀ ಸಾಲನ್ನು ಎಲ್ಲೂ ಕಡಿಯದೆ ಎಳೆದಿದ್ದವು. ಕೆಳಗಿನ ಸ್ಥಾಯಿಯಲ್ಲಿ ದೊಡ್ಡ ಪಿಟೀಲಿನಂಥ ಚೆಲ್ಲೋಗಳು ಇನ್ನೊಂದು ರಾಗ ಹೆಣೆದಿದ್ದವು. ಆ ಸಿನಿಮಾದಲ್ಲಿ ಚೆಲ್ಲೋಗಳನ್ನು ಬರೀ ಬೆರಳಿನಿಂದ ಮೀಟಿದ್ದರು.

"ಇದನ್ನು ಪಿಟೀಲಿಗೆಂದೇ ಬರೆದದ್ದಾ?"

"ಮೊದಲು ಕೊಳಲಿಗೆ. ಆಮೇಲೆ ಬದಲಿಸಿದೆ. ಅದೆಲ್ಲ ಈಗ ಯಾಕೆ? ಕದ್ದವನು ನಿಮ್ಮ ಪಕ್ಕದಲ್ಲೇ ನಿಂತಿದ್ದಾನೆ," ಎಂದರು ಸುದರ್ಶನರು.

ಪುಷ್ಪಾವತಿಯವರು ಎಲ್ಲರನ್ನೂ ಕೂರಿಸಿದರು.

"ಹಿತೇಶ್ ಕೊಟ್ಟಿದ್ದರೆ ಕಂಪ್ಯೂಟರಿನಲ್ಲಿದ್ದ ಚೆಲ್ಲೋದ ರಾಗವೂ ಹೋಗ್ತಿತ್ತು. ಅಲ್ಲಿ ಅದರ ಸುಳಿವೇ ಇಲ್ಲ. ಕೊಟ್ಟವರ ಕೈಯಲ್ಲಿದ್ದದ್ದು ಮೇಲಿನ ರಾಗ ಮಾತ್ರ. ಇನ್ನು ಆ ಬಿಡುವು. ರಾಗಕ್ಕಾಗಲಿ ತಾಳಕ್ಕಾಗಲಿ ಅಲ್ಲಿ ನಿಲ್ಲಬೇಕಾಗಿಲ್ಲ. ಪಿಟೀಲಿನವರು ಉಸಿರಿಗೆ ನಿಲ್ಲುವುದಿಲ್ಲ, ಕೊಳಲಿನವರು ನಿಲ್ಲಲೇಬೇಕು. ಯಾರೋ ಕೊಳಲಿನಲ್ಲಿ ನುಡಿಸಿ ತೋರಿಸಿದ್ದಾರೆ. ಕೇಳಿಸಿಕೊಂಡ ಆ ಸಿನಿಮಾದವರು ಆ ಬಿಡುವನ್ನೂ ಸೇರಿಸಿ ಪಿಟೀಲಿಗೆ ಇಳಿಸಿದ್ದಾರೆ. ಸುದರ್ಶನ್, ರಾಗವನ್ನು ಕೊಳಲಿನಿಂದ ಯಾಕೆ ತೆಗೆದಿರಿ?"

ಸುದರ್ಶನರ ದನಿ ತಗ್ಗಿತು. "ಕುಶಲನಿಗೆ ಸಾಲು ಮುಗಿಸುವಷ್ಟು ದಮ್ಮು ಉಳಿದಿರಲಿಲ್ಲ. ಮಧ್ಯದಲ್ಲೇ ಕಡೀತಿತ್ತು."

ಕುಶಲಣ್ಣ ತಲೆ ಎತ್ತಿದರು.

"ಕಾಯಿಲೆ ಆದ ಮೇಲೆ ನಾನೊಬ್ಬನೇ ನುಡಿಸ್ಲಿಕ್ಕೆ ಸಿಕ್ಕ ಒಂದೇ ಸೋಲೋ ಅದು. ನೀನು ಎಲ್ಲರೆದುರು ಕಿತ್ತುಕೊಂಡೆ ಮಾರಾಯ. ಆ ಸಿನಿಮಾದವರು ನಾನು ನುಡಿಸಿದ್ದನ್ನು ಕೂತು ಕೇಳಿದ್ರು. ನನ್ನದೇ ರಾಗ ಅಂತ ಹೇಳಿಬಿಟ್ಟೆ. ಈ ಹುಡುಗನ ತಲೆಗೆ ಬರ್ತದೆ ಅಂತ ಎಣಿಸಿರಲಿಲ್ಲ."

"ಬಂದ ಮೇಲೂ ಬಾಯಿ ಮುಚ್ಚಿ ಕೂತಿರಲ್ಲ," ಎಂದರು ಪುಷ್ಪಾವತಿ.

ಸುದರ್ಶನರು ಹಿತೇಶನತ್ತ ತಿರುಗಿದರು. "ನಾಳೆ ಬೇಗ ಬಾ. ಕೆಲಸ ಬಾಕಿ ಇದೆ."

"ನಾನಲ್ಲ ಅಂತ ಎಷ್ಟು ಸಲ ಹೇಳಿದೆ ಸರ್. ಇನ್ನು ನಾನು ಬರುದಿಲ್ಲ," ಎಂದ ಹಿತೇಶ್, ಮೇಜಿನ ಮೇಲಿದ್ದ ತನ್ನ ಹೆಡ್‌ಫೋನ್ ಎತ್ತಿಕೊಂಡು ನಮಗಿಂತ ಮೊದಲೇ ಹೊರಟ.