ನಡೆಯದ ಹಳ್ಳದ ನಕ್ಷೆ

ಎರಡು ದಿನದಿಂದ ಮಳೆ ಬಿಡದೆ ಹೊಡೆಯುತ್ತಿತ್ತು. ಆದರೂ ಕೂಡ್ಲುಮಕ್ಕಿ ಮೋರಿಯ ಕೆಳಗೆ ಹಳ್ಳದ ನೀರು ಮೊಣಕಾಲು ದಾಟಿರಲಿಲ್ಲ. ಊರಿನವರಿಗೆ ದಿಗಿಲು ಹತ್ತಿದ್ದು ಅದಕ್ಕೇ.

“ಮೇಲೆ ಕಣಿವೆಲಿ ಎಲ್ಲೋ ಕಟ್ಟಿಕೊಂಡೈತೆ ಸಾರ್,” ಎಂದ ಊರಿನ ಕನ್ನಪ್ಪ, ನೀರಾವರಿ ಇಲಾಖೆಯ ಎಂಜಿನಿಯರಿಗೆ. “ಬರಬೇಕಾದ ನೀರು ಅಲ್ಲೇ ನಿಂತೈತೆ. ಒಡೆದ್ರೆ ಎಲ್ಲ ಒಂದೇ ಸಲ ಇಳೀತೈತೆ.”

ಹೊಸನಗರ ತಾಲ್ಲೂಕಿನ ಆ ಊರಲ್ಲಿ ಇಪ್ಪತ್ತೆರಡು ಮನೆ. ಹಿಂದಿನ ಸಂಜೆಯೇ ಎಲ್ಲರನ್ನೂ ದಿಬ್ಬದ ಮೇಲಿನ ಶಾಲೆಗೆ ಸಾಗಿಸಿಯಾಗಿತ್ತು. ಜನ ಉಳಿಯುತ್ತಾರೆ; ಮನೆಗಳು ಉಳಿಯುವುದು ಖಾತ್ರಿಯಿರಲಿಲ್ಲ. ಕಣಿವೆಯ ಮೇಲುಗಡೆ ಗದ್ದೆಬಯಲಿಗೆ ಹೋಗುವ ರಸ್ತೆ ಧರೆ ಕುಸಿದು ಮುಚ್ಚಿಹೋಗಿತ್ತು. ಜೆಸಿಬಿ ಬಂದು ಮೋರಿಯ ಪಕ್ಕ ನಿಂತಿತ್ತು. ನೀರು ಕಟ್ಟಿದ ಜಾಗಕ್ಕೆ ಅದು ಹೋಗಬೇಕೆಂದರೆ ಹಳ್ಳದೊಳಗೇ ಇಳಿದು, ಉದ್ದಕ್ಕೂ ತಳ ಕೆರೆದುಕೊಂಡು ಹೋಗಬೇಕು.

ಸಾಗರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಶ್ಯಾಮಲಾ ಅದಕ್ಕೆ ಸುತರಾಂ ಒಪ್ಪಲಿಲ್ಲ. ನಾಲ್ಕು ವರ್ಷದಿಂದ ಆ ಹಳ್ಳದ ಮೀನು, ನೀರುನಾಯಿಗಳ ಬೆನ್ನು ಹತ್ತಿದವಳು ಅವಳು. “ಕೆಳಗಿನ ಎರಡು ಕಿಲೋಮೀಟರ್ ಹೋದ ವರ್ಷವೇ ಹಾಳಾಯ್ತು. ಇನ್ನು ಉಳಿದಿರೋದು ಮೇಲಿನ ನಾಲ್ಕು ಮಡು ಮಾತ್ರ. ಮೀನು ಮೊಟ್ಟೆ ಇಡೋ ಕಾಲ ಇದು. ಒಂದು ದಿನ ಕೊಡಿ, ಕೈಯಲ್ಲೇ ಬಿಡಿಸಿ ಬರ್ತೀವಿ,” ಎಂದು ಇಲಾಖೆಯ ಮೇಲಧಿಕಾರಿಯ ಜೊತೆ ಫೋನಿನಲ್ಲಿ ಅರ್ಧ ಗಂಟೆ ವಾದಿಸಿದಳು. ಸಂಜೆ ಆರರ ತನಕ ಎಂದು ಅವರು ಒಪ್ಪಿದರು. ಅಷ್ಟರಲ್ಲಿ ಆಗದಿದ್ದರೆ ಜೆಸಿಬಿ ಹಳ್ಳಕ್ಕಿಳಿಯುತ್ತದೆ.

ಅವಳ ಜೊತೆ ಹೊರಟವರು ಇಬ್ಬರು. ಒಬ್ಬ ಕನ್ನಪ್ಪ, ಐವತ್ತೈದರ ಆಳು, ಏಡಿ ಹಿಡಿಯುತ್ತ ಆ ಹಳ್ಳದಲ್ಲೇ ಬೆಳೆದವನು. ಇನ್ನೊಬ್ಬ ಇಲಾಖೆಯ ಎಂಜಿನಿಯರ್ ತೀರ್ಥೇಶ್, ತೀರ್ಥಹಳ್ಳಿ ಕಡೆಯವನು. ಹೋದ ವರ್ಷ ಹೂಳೆತ್ತುವ ಕೆಲಸಕ್ಕೆ ವರದಿ ಬರೆದವನು, ನಕ್ಷೆ ಮಾಡಿದವನು ಅವನೇ.

“ಇವರು ಕಣಿವೆ ದಾಟಿ ಮೇಲಿನ ತನಕ ನಡೆದು ನೋಡಿದ್ದಾರೆ,” ಎಂದು ಶ್ಯಾಮಲಾ ಆ ವರದಿಯ ಪ್ರತಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕುತ್ತ ಕನ್ನಪ್ಪನಿಗೆ ಹೇಳಿದಳು. “ದಾರಿ ಎಲ್ಲ ಇದರಲ್ಲಿದೆ.”

ತೀರ್ಥೇಶ್ ಬೂಟಿನ ದಾರ ಬಿಗಿಯಲು ಬಗ್ಗಿದ. ಅವನು ನಡೆದಿರಲಿಲ್ಲ. ಆ ದಿನ ಇದೇ ಮೋರಿಯ ಮೇಲೆ ಕಾಲು ಗಂಟೆ ನಿಂತಿದ್ದ. ಬಿಸಿಲು ಜೋರಿತ್ತು, ರಕ್ತ ಹೀರುವ ಉಂಬಳದ ಹೆದರಿಕೆಯಿತ್ತು, ಇನ್ನೂ ಮೂರು ಊರು ನೋಡುವುದು ಬಾಕಿಯಿತ್ತು. ಮಿಕ್ಕಿದ್ದನ್ನು ಆಕಾಶದಿಂದ ತೆಗೆದ ಚಿತ್ರ ನೋಡಿ ಗೆರೆ ಎಳೆದು, ಕೆಳಗೆ ‘ಉದ್ದಕ್ಕೂ ಕಾಲ್ನಡಿಗೆಯಲ್ಲಿ ಪರಿಶೀಲಿಸಲಾಗಿದೆ’ ಎಂದು ಬರೆದು ಸಹಿ ಹಾಕಿದ್ದ.

ಹೊರಡುವ ಮುಂಚೆ ಶಾಲೆಯ ಬಾಗಿಲಲ್ಲಿ ದುರ್ಗಮ್ಮ ಬಾಳೆಲೆಯಲ್ಲಿ ರೊಟ್ಟಿ ಕಟ್ಟಿ ಕೊಟ್ಟಳು. ಹೂಳೆತ್ತಿದ ಮೇಲೆ ಬಂದ ಮೊದಲ ನೆರೆಗೆ ಅಡಿಗೆಮನೆಯ ಗೋಡೆ ಕಳಕೊಂಡವಳು ಆಕೆ. ಮೂರನೆಯ ಕಟ್ಟನ್ನು ತೀರ್ಥೇಶನ ಕೈಗೇ ಇಟ್ಟಳು.

“ನಿಮ್ಗೂ ಐತೆ. ತಿನ್ನಿ.”

ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಏಳು ಗಂಟೆಗೆ ಹಳ್ಳಕ್ಕಿಳಿದರು. ಹಗ್ಗ, ಗರಗಸ, ಹಾರೆ, ಎರಡು ಕತ್ತಿ. ಮೊದಲ ಎರಡು ಕಿಲೋಮೀಟರ್ ಹಳ್ಳವೆಂಬುದು ಹಳ್ಳದ ಹಾಗೆ ಇರಲಿಲ್ಲ. ಹಗ್ಗ ಹಿಡಿದು ಕೊರೆದ ಕಾಲುವೆಯಂತೆ ನೇರ, ಅಗಲ, ಬೋಳು. ಮರ ಹೋದ ದಡದ ಕೆಂಪು ಮಣ್ಣು ಕುಸಿದು ಕುಸಿದು ನೀರಿಗೆ ಬೀಳುತ್ತಿತ್ತು. ನೀರು ಬೇಗ ಹರಿದುಹೋಗಲಿ ಎಂದು ಅವನೇ ತಿರುವುಗಳನ್ನು ತೆಗೆಸಿದ್ದ. ಬೇಗ ಹರಿದ ನೀರು ಬೇಗ ಬಂದು ಮನೆಗಳಿಗೆ ಬಡಿದಿತ್ತು. ಎತ್ತಿದ ಹೂಳಿಗಿಂತ ಹೆಚ್ಚಿನ ಹೂಳು ಮತ್ತೆ ಬಂದು ಕೂತಿತ್ತು.

ಆಮೇಲೆ ಜೆಸಿಬಿ ಮುಟ್ಟದ ಜಾಗ ಬಂತು. ಕಾಲಿಟ್ಟ ಕೂಡಲೇ ತಂಪು. ಎರಡೂ ಕಡೆಯ ನೇರಳೆ, ಹೊಳೆಮತ್ತಿ ಮರಗಳು ಮೇಲೆ ಕೈ ಕೂಡಿಸಿದ್ದವು. ಬೇರುಗಳು ಬೆರಳು ಹೆಣೆದಂತೆ ದಡವನ್ನು ಹಿಡಿದಿದ್ದವು. ಮುಂಡುಗೆಯ ಪೊದೆಗಳ ಬುಡದಲ್ಲಿ ನೀರು ಸುತ್ತಿ ಸುತ್ತಿ, ತಡೆದು ತಡೆದು, ಒಂದು ಮಡುವಿನಿಂದ ಇನ್ನೊಂದಕ್ಕೆ ಇಳಿಯುತ್ತಿತ್ತು. ಬಂಡೆಯ ಮೇಲೆ ಏಡಿಚಿಪ್ಪಿನ ಚೂರು ತುಂಬಿದ ಹಸಿ ಹಿಕ್ಕೆ ಕಂಡಿತು.

“ನೀರುನಾಯಿಯದ್ದು, ರಾತ್ರಿದು,” ಎಂದಳು ಶ್ಯಾಮಲಾ. “ಈ ಬೇರಿನ ಕೆಳಗೇ ಗೂಡಿದೆ. ಮರಿ ಇರ್ಬೇಕು. ಕಟ್ಟಿದ್ದು ಒಮ್ಮೆಲೇ ಒಡೆದ್ರೆ ಮೊದಲು ಹೋಗೋದು ಇವೇ.”

ಕೆಳಗಿನ ಎರಡು ಕಿಲೋಮೀಟರೂ ಒಂದು ಕಾಲಕ್ಕೆ ಹೀಗೇ ಇತ್ತು ಎಂಬುದು ತೀರ್ಥೇಶನಿಗೆ ಆಗ ಹೊಳೆಯಿತು. ತಾನು ಹಾಳು ಮಾಡಿದ್ದು ಏನೆಂಬುದನ್ನೇ ಅವನು ಇವತ್ತಿನವರೆಗೆ ನೋಡಿರಲಿಲ್ಲ.

ಹತ್ತರ ಸುಮಾರಿಗೆ ಕಣಿವೆಯ ಬಾಯಿ ಸಿಕ್ಕಿತು. ಎರಡು ಕಡೆ ಕಪ್ಪು ಬಂಡೆ, ನಡುವೆ ಹತ್ತು ಮಾರು ಅಗಲದ ಸೀಳು. ಒಳಗಿಂದ ಗುಡುಗಿನಂಥ ಸದ್ದು. ಕನ್ನಪ್ಪ ನಿಂತ.

“ನಾನು ಇದರೊಳಗೆ ಹೋಗಿ ಏಳೆಂಟು ವರ್ಷ ಆಯ್ತು. ಆಗ ಎಡದಂಡೆಲಿ ಹತ್ತಿ ಹೋಗ್ತಿದ್ವಿ. ಆಮೇಲೆ ಗುಡ್ಡ ಜರಿದೈತೆ. ಈಗ ಹೆಂಗೈತೋ.”

ಶ್ಯಾಮಲಾ ನಕ್ಷೆ ಬಿಡಿಸಿದಳು. “ಇದರಲ್ಲಿ ಬಲದಂಡೆಲಿ ಕಾಲುದಾರಿ ಅಂತಿದೆ.”

“ಸಾರ್ ಓಡಾಡಿದಾರಲ್ಲ,” ಎಂದು ಕನ್ನಪ್ಪ ತೀರ್ಥೇಶನ ಕಡೆ ತಿರುಗಿದ. “ಅವರು ಹೇಳ್ದಂಗೆ ಆಗ್ಲಿ. ಬಲಗಡೆನಾ ಸಾರ್?”

ಹೇಳಬೇಕಾದದ್ದು ಆಗಲೇ. ಬಾಯಿಯ ತನಕ ಬಂತು ಕೂಡ. ಆದರೆ ಇಬ್ಬರೂ ಅವನ ಮುಖವನ್ನೇ ನೋಡುತ್ತಿದ್ದರು. ಚಿತ್ರದಲ್ಲಿ ಅಲ್ಲಿ ಒಂದು ಬಿಳಿ ಗೆರೆ ಕಂಡಿದ್ದು ನಿಜ. ದಾರಿಯೇ ಇರಬಹುದು.

“ಹೂಂ,” ಎಂದ.

ಮೊದಮೊದಲು ದಾರಿ ಇದ್ದಂತೆಯೇ ಇತ್ತು. ಬಂಡೆಯ ಮೈಗೆ ಅಂಟಿಕೊಂಡ, ಎರಡಡಿ ಅಗಲದ ಅಂಚು. ಮೂವರೂ ಸೊಂಟಕ್ಕೆ ಒಂದೇ ಹಗ್ಗ ಬಿಗಿದುಕೊಂಡರು. ಮುಂದೆ ಕನ್ನಪ್ಪ, ನಡುವೆ ಶ್ಯಾಮಲಾ, ಕೊನೆಗೆ ತೀರ್ಥೇಶ್. ಐವತ್ತು ಹೆಜ್ಜೆಗೆ ಅಂಚು ಒಂದಡಿಯಾಯಿತು. ನೂರು ಹೆಜ್ಜೆಗೆ ಬಂಡೆ ಮುಗಿದು ಬರೀ ಮಣ್ಣಾಯಿತು.

ಕನ್ನಪ್ಪ ಹಾರೆಯಿಂದ ಮಣ್ಣು ಕುಟ್ಟಿ ನೋಡಿದ. ಒಂದು ಕಾಲಿಟ್ಟ.

ಮಣ್ಣು ಸರಿಯಿತು.

ಸದ್ದೇ ಇಲ್ಲದೆ ಕನ್ನಪ್ಪ ಮಾಯವಾದ. ಹಗ್ಗ ಬಿಗಿದುಕೊಂಡಿತು. ಶ್ಯಾಮಲಾ ಮೊಣಕಾಲೂರಿ ಬಿದ್ದಳು. ತೀರ್ಥೇಶ್ ಬಂಡೆಯ ಸೀಳಿಗೆ ತೋಳು ತೂರಿಸಿ ಮೈಯೆಲ್ಲ ಭಾರ ಬಿಟ್ಟ. ಹಗ್ಗ ಅವನ ಪಕ್ಕೆಯನ್ನು ಕತ್ತರಿಸುವಂತೆ ಎಳೆಯಿತು.

“ಕನ್ನಪ್ಪಣ್ಣ!” ಶ್ಯಾಮಲಾ ಕೂಗಿದಳು.

“ಇದೀನಿ,” ಎಂಬ ದನಿ ಕೆಳಗಿಂದ ಬಂತು. “ಎಳೀರಿ. ಜಗ್ಗಬೇಡಿ, ನಿಧಾನ.”

ಎಳೆದು ಮೇಲಕ್ಕೆ ತರುವಷ್ಟರಲ್ಲಿ ಇಬ್ಬರ ಅಂಗೈಯ ಚರ್ಮವೂ ಕಿತ್ತುಹೋಗಿತ್ತು. ಕನ್ನಪ್ಪನ ಬಲಭುಜ ಬಂಡೆಗೆ ಬಡಿದು ತೋಳು ಎತ್ತಲು ಬರುತ್ತಿರಲಿಲ್ಲ. ಹಾರೆ ನೀರು ಪಾಲಾಗಿತ್ತು. ಶ್ಯಾಮಲಾ ನಕ್ಷೆ ತೆಗೆದು, ಒದ್ದೆ ಬೆರಳಿಂದ ಆ ಗೆರೆಯನ್ನು ಹುಡುಕತೊಡಗಿದಳು.

“ನಾವೆಲ್ಲೋ ತಪ್ಪಿದೀವಿ. ದಾರಿ ಇನ್ನೂ ಕೆಳಗಿದ್ಯಾ ಸಾರ್? ನೀವು ಎಲ್ಲಿ ಹತ್ತಿದ್ರಿ?”

“ದಾರಿ ಇಲ್ಲ,” ಎಂದ ತೀರ್ಥೇಶ್.

“ಅಂದ್ರೆ?”

“ನಾನು ಇಲ್ಲಿಗೆ ಬಂದೇ ಇಲ್ಲ. ಮೋರಿ ಮೇಲೆ ನಿಂತು ವಾಪಸ್ ಹೋದೆ. ಅದು ಫೋನಲ್ಲಿ ನೋಡಿ ಎಳೆದ ಗೆರೆ.”

ಶ್ಯಾಮಲಾ ಅವನನ್ನು ನೋಡಿದಳು. ಆಮೇಲೆ ಕನ್ನಪ್ಪನ ಜೋತುಬಿದ್ದ ತೋಳನ್ನು ನೋಡಿದಳು. ತಲೆಯ ಬಟ್ಟೆ ಬಿಚ್ಚಿ, ಆ ತೋಳನ್ನು ಅವನ ಎದೆಗೆ ಕಟ್ಟಿದಳು. ಮುಖ ಎಲ್ಲಿಡಬೇಕೆಂದು ತೀರ್ಥೇಶನಿಗೆ ತಿಳಿಯಲಿಲ್ಲ. ಆ ಅಂಚಿನ ಮೇಲೆ ತಿರುಗಿ ಕೂರುವುದಕ್ಕೂ ಜಾಗವಿರಲಿಲ್ಲ.

ಕನ್ನಪ್ಪ ಕೊನೆಗೆ ಹೇಳಿದ: “ಕೆಳಗೇ ಹೇಳಿದ್ರೆ ಒಂದು ಗಂಟೆ ಉಳೀತಿತ್ತು.” ಮತ್ತೆ ಕಣಿವೆಯ ಆಚೆ ಬದಿ ನೋಡಿದ. “ಎಡದಂಡೆಗೆ ದಾಟಬೇಕು. ನಡೀರಿ.”

ವಾಪಸ್ಸು ಬಂದು, ಕಣಿವೆಯ ಬಾಯಿಯ ಮಡುವನ್ನು ಎದೆಮಟ್ಟದ ನೀರಲ್ಲಿ ಹಗ್ಗ ಹಿಡಿದು ದಾಟಿದರು. ಜರಿದ ಗುಡ್ಡದ ಕಲ್ಲುಗಳ ಮೇಲೆ ಕೈಕಾಲು ನಾಲ್ಕೂ ಊರಿ ಹತ್ತಿದರು. ಮುಂದೆ ಹೋಗುವ ಸರದಿ ಈಗ ತೀರ್ಥೇಶನದು. ಹೋಗೆಂದು ಯಾರೂ ಹೇಳಿರಲಿಲ್ಲ.

ಒಂದು ಗಂಟೆಯ ಹೊತ್ತಿಗೆ ಕಟ್ಟಿಕೊಂಡಿದ್ದು ಕಣ್ಣಿಗೆ ಬಿತ್ತು. ಕಣಿವೆಯ ಅತಿ ಕಿರಿದಾದ ಕುತ್ತಿಗೆಯಲ್ಲಿ ಎರಡಾಳೆತ್ತರಕ್ಕೆ ದಿಮ್ಮಿ, ಕೊಂಬೆ, ಬಿದಿರು, ಬೇರು, ಪ್ಲಾಸ್ಟಿಕ್ ಚೀಲ ಎಲ್ಲ ಹೆಣೆದುಕೊಂಡು ಗೋಡೆಯಾಗಿತ್ತು. ಅದರ ಹಿಂದೆ ಗದ್ದೆಬಯಲಿನ ತನಕ ಕಂದು ನೀರು ಕೆರೆಯಂತೆ ನಿಂತಿತ್ತು. ಗೋಡೆಯ ಸಂದುಸಂದಿನಿಂದ ನೀರು ಚಿಮ್ಮುತ್ತಿತ್ತು. ಆಗಾಗ ಒಳಗೆಲ್ಲೋ ಮರ ನರಳುವ ಸದ್ದು.

ದಿಮ್ಮಿಗಳ ತುದಿಗಳು ಗರಗಸದಲ್ಲಿ ಕೊಯ್ದಂಥವು. ಅವುಗಳ ಮೇಲೆ ಕೆಂಪು ಬಣ್ಣದ ಸಂಖ್ಯೆ: ಮೂವತ್ತೆಂಟು, ನಲವತ್ತೊಂದು, ನಲವತ್ತಮೂರು. ಗದ್ದೆಬಯಲಿನ ದಡದಲ್ಲಿ ಕಡಿಯಬೇಕಾದ ಮರಗಳ ಪಟ್ಟಿ ತೀರ್ಥೇಶನದ್ದೇ. ಕಡಿದ ಮೇಲೆ ಸಾಗಿಸಿದರೋ ಇಲ್ಲವೋ ಎಂದು ಅವನು ನೋಡಲು ಹೋಗಿರಲಿಲ್ಲ. ಶ್ಯಾಮಲಾ ಸಂಖ್ಯೆಗಳನ್ನು ಓದಿದ್ದು ಅವನಿಗೆ ಗೊತ್ತಾಯಿತು. ಅವನೇ ಹೇಳಿದ: “ನಮ್ಮವೇ.”

“ಈಗ ಹೆಂಗೆ?” ಎಂದ ಕನ್ನಪ್ಪ.

ತೀರ್ಥೇಶ್ ತುಂಬ ಹೊತ್ತು ನೋಡಿದ. ಆ ದಿನ ಮೊದಲ ಸಲ ಅವನಿಗೆ ಗೊತ್ತಿರುವ ವಿದ್ಯೆಗೆ ಕೆಲಸ ಬಿದ್ದಿತ್ತು. “ನಡುವೆ ಕೈ ಹಾಕಿದ್ರೆ ಗೋಡೆ ಪೂರಾ ಹೋಗುತ್ತೆ. ಎಡಗಡೆ ಬಂಡೆ ಪಕ್ಕ ಒಂದು ಬಾಗಿಲಷ್ಟು ಬಿಡಿಸೋಣ, ಮೇಲಿಂದ ಕೆಳಕ್ಕೆ, ಮೊಳ ಮೊಳ. ಬಂಡೆನ ನೀರು ಕೊರೆಯಲ್ಲ. ಮೂವತ್ತೆಂಟು ಅಡ್ಡ ಬಿದ್ದಿದೆಯಲ್ಲ, ಅದನ್ನ ಮುಟ್ಟೋದೇ ಬೇಡ. ಅದು ಗೋಡೆನ ಹಿಡ್ಕೊಂಡಿದೆ.”

“ಆ ದಿಮ್ಮಿ ಅಲ್ಲೇ ಇದ್ರೆ ಮೀನಿಗೂ ಆಸರೆ,” ಎಂದಳು ಶ್ಯಾಮಲಾ. ಅಂಚಿನಿಂದ ಈಚೆಗೆ ಅವನ ಜೊತೆ ಅವಳು ಆಡಿದ ಮೊದಲ ಮಾತು ಅದು.

ಕನ್ನಪ್ಪ ಕಣ್ಣು ಕಿರಿದು ಮಾಡಿ ನೋಡಿ, “ಸರಿ ಐತೆ,” ಎಂದ. “ಆದ್ರೆ ನನ್ನ ಕೈ ಆಗಲ್ಲ. ನೀವೇ ಇಳೀಬೇಕು.”

ಹಗ್ಗದ ಒಂದು ತುದಿ ಮರಕ್ಕೆ, ಇನ್ನೊಂದು ತೀರ್ಥೇಶನ ಸೊಂಟಕ್ಕೆ. ಅವನು ಗೋಡೆಯ ಮೇಲಿಳಿದು ಕೊಂಬೆ ಕಡಿದು ಕಡಿದು ಕೊಟ್ಟ. ಶ್ಯಾಮಲಾ ಎಳೆದು ದಡಕ್ಕೆ ಹಾಕಿದಳು. ಕನ್ನಪ್ಪ ನೀರಿನಂಚಿಗೆ ಕಡ್ಡಿ ಚುಚ್ಚಿ ಮಟ್ಟ ನೋಡುತ್ತ ಕೂತ. ಮೊದಲ ಮೊಳ ಬಿಡಿಸಿದಾಗ ತೆಳು ನೀರು ಬಂಡೆಗುಂಟ ಜಾರಿತು. ಅದು ಇಳಿಯುವವರೆಗೆ ಕಾದರು. ಎರಡನೆಯ ಮೊಳ. ಮತ್ತೆ ಕಾದರು. ಮಳೆ ಜೋರಾಯಿತು.

ಎರಡೂವರೆಗೆ ನಲವತ್ತೊಂದು ಅಡ್ಡ ಬಂತು. ಅದರ ತುದಿ ಕೊಯ್ಯದೆ ಬಾಗಿಲು ಕೆಳಗಿಳಿಯುವಂತಿರಲಿಲ್ಲ. ತೀರ್ಥೇಶ್ ಗರಗಸ ಇಟ್ಟ. ಅರ್ಧ ಕೊಯ್ದಿದ್ದ.

ಮರ ಕಿರುಗುಟ್ಟಿತು.

“ಈಚೆ ಬನ್ನಿ!” ಕನ್ನಪ್ಪ ಕೂಗಿದ.

ದಿಮ್ಮಿ ತುಂಡಾಗಿ ಗರ್ರನೆ ತಿರುಗಿತು. ತುದಿ ಅವನ ತೊಡೆಗೆ ಬಡಿಯಿತು. ಕಾಲಡಿಯ ಕೊಂಬೆ ಕುಸಿಯಿತು. ನೀರು ಅವನನ್ನು ಬಾಗಿಲಿಗೆ ಎಳೆದೊಯ್ದು ಬಂಡೆಗೆ ಒತ್ತಿತು. ಬಾಯಿ, ಮೂಗು, ಕಣ್ಣು, ಎಲ್ಲ ಕೆಸರು.

ಹಗ್ಗ ಬಿಗಿಯಿತು.

ಶ್ಯಾಮಲಾ ಮರಕ್ಕೆ ಕಾಲು ಕೊಟ್ಟು ಎಳೆಯುತ್ತಿದ್ದಳು. ಕನ್ನಪ್ಪ ಒಂದೇ ಕೈಯಲ್ಲಿ ಹಗ್ಗ ಸುತ್ತಿ, ಹಲ್ಲು ಕಚ್ಚಿ ಹಿಂದಕ್ಕೆ ಒರಗಿದ್ದ. ತೀರ್ಥೇಶನ ಬೆರಳಿಗೆ ಬಂಡೆಯ ಅಂಚು ಸಿಕ್ಕಿತು. ಮೊಣಕೈ ಹತ್ತಿತು. ಆಮೇಲೆ ಎದೆ.

ದಡದಲ್ಲಿ ಅಂಗಾತ ಬಿದ್ದು ಅವನು ಕೆಮ್ಮುತ್ತಿದ್ದಾಗ ಮೂವರೂ ಗೋಡೆಯನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ನೀರು ಸೊಂಟದೆತ್ತರ ನುಗ್ಗುತ್ತಿತ್ತು. ಮೂವತ್ತೆಂಟು ಕದಲಲಿಲ್ಲ. ಗೋಡೆ ನಿಂತೇ ಇತ್ತು. ಕನ್ನಪ್ಪನ ಕಡ್ಡಿ ಅರ್ಧ ಗಂಟೆಯಲ್ಲಿ ಒಂದು ಗೇಣು ಹೊರಗೆ ಬಂತು.

“ಬಂದ ಮಳೆ ಬಂದಂಗೆ ಇಳೀತೈತೆ,” ಎಂದ ಕನ್ನಪ್ಪ.

ಕುಂಟುತ್ತ ಇಳಿದರು. ನೀರುನಾಯಿಯ ಬೇರಿನ ಹತ್ತಿರ ನೀರು ಏರಿತ್ತು, ಆದರೆ ಗೂಡಿನ ಬಾಯಿ ಮುಳುಗಿರಲಿಲ್ಲ. ಆರಕ್ಕೆ ಹತ್ತು ನಿಮಿಷವಿರುವಾಗ ಮೋರಿ ಮುಟ್ಟಿದರು. ಹಳ್ಳ ತುಂಬಿ ಹರಿಯುತ್ತಿತ್ತು. ಮೋರಿಯ ಹಲಗೆಗೆ ಇನ್ನೂ ಒಂದು ಮೊಳ ಜಾಗವಿತ್ತು. ಯಾವ ಮನೆಯ ಅಂಗಳಕ್ಕೂ ನೀರು ಹತ್ತಿರಲಿಲ್ಲ. ತೀರ್ಥೇಶ್ ಜೆಸಿಬಿಯವನಿಗೆ ಹೇಳಿದ: “ಹಳ್ಳಕ್ಕೆ ಇಳೀಬೇಡ. ಮಳೆ ನಿಂತು ಹೊಳವಾದ ಮೇಲೆ ರಸ್ತೆ ಮೇಲೆ ನಿಂತು ಮೋರಿ ಬಾಯಿನ ಹೂಳು ಮಾತ್ರ ತೆಗಿ. ದಡ ಮುಟ್ಟಬೇಡ.”

ಶಾಲೆಯಲ್ಲಿ ಜನ ಎದ್ದು ನಿಂತರು. ಯಾರೋ ಚಪ್ಪಾಳೆ ತಟ್ಟಲು ಹೊರಟರು. ತೀರ್ಥೇಶ್ ಬೇಡವೆಂದು ಕೈ ಅಲ್ಲಾಡಿಸಿದ.

“ಹೋದ ವರ್ಷ ನಾನು ಹಳ್ಳ ನೋಡದೆ ವರದಿ ಬರೆದೆ,” ಎಂದ. “ನಡೆದು ನೋಡಿದೀನಿ ಅಂತ ಸುಳ್ಳು ಬರೆದೆ. ಮೇಲೆ ಕಟ್ಟಿಕೊಂಡಿದ್ದು ನಾನು ಕಡಿಸಿದ ಮರ. ದುರ್ಗಮ್ಮನೋರ ಗೋಡೆ ಹೋಗಿದ್ದೂ ಆ ವರದಿಯಿಂದಲೇ. ಇವತ್ತು ಕನ್ನಪ್ಪಣ್ಣನ ಭುಜ ಹೋಗಿದ್ದೂ.”

ಚಪ್ಪಾಳೆಗೆ ಎತ್ತಿದ್ದ ಕೈಗಳು ಇಳಿದವು. ಅವನು ಕೆಸರು ಸುರಿಸಿಕೊಂಡು ನಿಂತೇ ಇದ್ದ.

ದುರ್ಗಮ್ಮ ಮುಂದೆ ಬಂದಳು. “ಬಾಯಲ್ಲಿ ಹೇಳಿದ್ದು ನಾಳೆ ಗಾಳಿಗೆ ಹೋಗ್ತೈತೆ. ಇದನ್ನ ಬರೆದು ಕೊಡ್ತೀರಾ?”

“ಕೊಡ್ತೀನಿ.”

“ನಿಮ್ಮ ಕೆಲಸಕ್ಕೆ ತೊಂದ್ರೆ ಆಗ್ಬಹುದು.”

“ಆಗುತ್ತೆ,” ಎಂದ ತೀರ್ಥೇಶ್.

ಶ್ಯಾಮಲಾ ತನ್ನ ಪುಸ್ತಕದಿಂದ ಒಣಗಿದ ಹಾಳೆಯೊಂದನ್ನು ಹರಿದು ಕೊಟ್ಟಳು. ಅವನು ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಿಸಿ ಕೂತು, ಕಿತ್ತುಹೋದ ಅಂಗೈಯಲ್ಲಿ ಪೆನ್ನು ಹಿಡಿದು ಬರೆದ. ಎಲ್ಲಿ ಹೂಳು ತೆಗೆಯಬೇಕು, ಎಲ್ಲಿ ಮುಟ್ಟಬಾರದು ಎಂಬುದನ್ನೂ ಆ ದಿನ ನಡೆದು ಕಂಡಂತೆ ಬರೆದ. ಗೊತ್ತಿಲ್ಲದ ಕಡೆ ‘ನೋಡಿಲ್ಲ’ ಎಂದು ಬರೆದ. ಮುಗಿದ ಮೇಲೆ ಎಲ್ಲರೆದುರು ಮೊದಲಿಂದ ಓದಿದ. ತಪ್ಪೊಪ್ಪಿಕೊಂಡ ಸಾಲುಗಳಿಗೆ ಬಂದಾಗ ದನಿ ತಾನಾಗಿ ತಗ್ಗಿತು.

ಕನ್ನಪ್ಪ ಗೋಡೆಗೊರಗಿ ಕಣ್ಣು ಮುಚ್ಚಿ ಕೇಳುತ್ತಿದ್ದ. ಕಣ್ಣು ಬಿಡದೆಯೇ ಹೇಳಿದ: “ಇನ್ನೊಂದ್ಸಲ ಓದಿ ಸಾರ್. ಹಿಂದೆ ಇರೋರಿಗೆ ಕೇಳ್ಲಿಲ್ಲ.”

ತೀರ್ಥೇಶ್ ಬೆಂಚಿನಿಂದ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಮತ್ತೆ ಮೊದಲಿಂದ ಓದಿದ.